ಕಿವಿಗೆ ಗುರುತಿಲ್ಲದ ಕುರಿ

ಅವಳ ಎಡಗೈ ಹೆಬ್ಬೆರಳಿಗೆ ಸದಾ ಸೈಕಲ್ ಟ್ಯೂಬಿನ ಒಂದು ತುಂಡು ತೊಡಿಸಿರುತ್ತಿತ್ತು. ಈರುಳ್ಳಿ ಕೊಯ್ಯುವ ಹೆಂಗಸರೆಲ್ಲ ಕೆಲಸದ ಹೊತ್ತಿನಲ್ಲಿ ಹಾಗೆ ಹಾಕಿಕೊಳ್ಳುತ್ತಾರೆ. ಗಡ್ಡೆಯ ಮೇಲಿನ ತಾಳು ಕತ್ತರಿಸುವಾಗ ಕುಡುಗೋಲು ಜಾರಿದರೂ ಬೆರಳು ಉಳಿಯಲಿ ಎಂದು. ಸಂಜೆ ಕೈಕಾಲು ತೊಳೆಯುವಾಗ ಉಳಿದವರು ಅದನ್ನು ತೆಗೆದಿಡುತ್ತಾರೆ, ಇವಳು ತೆಗೆಯುತ್ತಿರಲಿಲ್ಲ. ಮದುವೆ ಮನೆಗೆ ಹೊಸ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಹೊರಟಾಗಲೂ ಆ ಕರಿ ರಬ್ಬರು ಬೆರಳಿಗೆ ಇದ್ದೇ ಇರುತ್ತಿತ್ತು. ಇವತ್ತೊಂದು ದಿನ ತೆಗೆದಿಡಬಾರದೇ ಎಂದು ಒಮ್ಮೆ ಕೇಳಿದೆ.

"ತಾಳಿ ತೆಗೀತೀರೇನ್ರಿ ನೀವು? ಇದೂ ಹಂಗೇಯ. ಅದು ಗಂಡ ಕಟ್ಟಿದ್ದು, ಇದು ನಾನೇ ಕಟ್ಕಂಡಿದ್ದು" ಅಂದಳು.

ಅವಳು ನಮ್ಮ ಎದುರುಮನೆಯವಳು. ನನಗಿಂತ ವಯಸ್ಸಿನಲ್ಲಿ ದೊಡ್ಡವಳು, ಆದರೂ ನನ್ನನ್ನು ಕೊನೆಯವರೆಗೂ 'ದುರ್ಗದಕ್ಕ' ಎಂದೇ ಕರೆದಳು. ಚಿತ್ರದುರ್ಗದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇತ್ತು. ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದರು. ಅವರಿಗೆ ಸೊಂಟ ಹಿಡಿದುಕೊಂಡ ಮೇಲೆ ಕೆಲಸ ಬಿಟ್ಟರು, ಬಾಡಿಗೆ ಮನೆಯ ಮಹಡಿ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಹರಿಯಬ್ಬೆಯ ಆಚೆ ಕುರಿ ಕಾಯುವವರ ಒಂದು ಹಟ್ಟಿಯಲ್ಲಿ ಹಿತ್ತಲಿರುವ ಸಣ್ಣ ಮನೆ ಸಿಕ್ಕಿತು, ಕೊಂಡು ಬಂದೆವು. ಅವರಿಗೆ ಖುಷಿಯೋ ಖುಷಿ. ನಾನು ಮಾತ್ರ ಮೂರು ದಿನ ಗಂಟುಮೂಟೆ ಬಿಚ್ಚಲಿಲ್ಲ. ಯಾರ ಗುರುತಿಲ್ಲ, ಪರಿಚಯವಿಲ್ಲ, ಬಾಗಿಲು ತೆರೆದರೆ ಜಾಲಿ ಗಿಡ ಮತ್ತು ಬಿಸಿಲು.

ನಾನು ಹೊರಗೆ ಕಾಲಿಡದೆ ಕೂತಿದ್ದನ್ನು ನೋಡಿ ಇವಳೇ ಕೊಡ ಹಿಡಿದುಕೊಂಡು ಬಂದಳು. "ಊರಿಗೆ ಬಂದೋಳು ನೀರಿಗೆ ಬರ್ದಂಗ್ ಇರ್ತಾಳಾ? ಏಳ್ರಿ, ಹೋಗಾಣ. ಕರೆಂಟು ಐತೆ, ಟ್ಯಾಂಕ್ ತುಂಬೈತೆ" ಎಂದು ಕೈ ಹಿಡಿದು ಎಬ್ಬಿಸಿದಳು. ನಲ್ಲಿಯ ಹತ್ತಿರ ಹತ್ತು ಹೆಂಗಸರ ಎದುರು, "ಇವ್ರು ದುರ್ಗದೋರು, ಟೈಲರು. ಅಳತೆ ತಗಳಂಗೇ ನೋಡ್ತಾರೆ, ಹುಷಾರು" ಎಂದು ಪರಿಚಯಿಸಿದಳು. ಎಲ್ಲರೂ ನಕ್ಕರು. ಆ ಊರಿನಲ್ಲಿ ನಾನು ನಕ್ಕದ್ದು ಅದೇ ಮೊದಲು.

ನಮ್ಮ ಹಿತ್ತಲಲ್ಲಿ ಹಳೆಯ ಮಾಲೀಕರು ಕುರಿ ಕೂಡುತ್ತಿದ್ದ ರೊಪ್ಪವಿತ್ತು. ಎದೆಮಟ್ಟದ ಕಲ್ಲುಗೋಡೆ, ಮೇಲೆ ತಗಡು. ನನ್ನ ಗಂಡ ಅಲ್ಲಿ ಸ್ಕೂಟರ್ ನಿಲ್ಲಿಸಬೇಕೆಂದಿದ್ದರು. ನನ್ನ ಲೆಕ್ಕವೇ ಬೇರೆ. ಅಂಗಡಿಯಲ್ಲಿದ್ದಷ್ಟು ಕಾಲವೂ ಉಳಿದ ಚೂರುಬಟ್ಟೆಯಲ್ಲಿ ಗೊಂಬೆ ಮಾಡುವ ಹುಚ್ಚು ನನಗೆ. ಗಿರಾಕಿ ಬಂದರೆ ಗೊಂಬೆಯನ್ನು ಮೇಜಿನ ಕೆಳಗೆ ತಳ್ಳುತ್ತಿದ್ದೆ. ಟ್ರಂಕಿನಲ್ಲಿ ಅರ್ಧಂಬರ್ಧ ಗೊಂಬೆಗಳು ಕೈಕಾಲಿಲ್ಲದೆ ವರ್ಷಗಟ್ಟಲೆ ಮಲಗಿದ್ದವು. ಇವುಗಳಿಗೊಂದು ಕೋಣೆ ಬೇಕು, ನಾನು ಬಾಗಿಲು ತೆರೆದಿಟ್ಟು ಕೂತು ಹೊಲಿಯಬೇಕು ಎಂದು ಹಟ ಹಿಡಿದೆ. ಸ್ಕೂಟರ್ ಬೇವಿನ ಮರದ ಕೆಳಗೇ ನಿಂತಿತು.

ಗೋಡೆ ಎತ್ತರಿಸಿದೆವು, ಕಿಟಕಿ ಇಟ್ಟೆವು. ನೆಲಕ್ಕೆ ಸಿಮೆಂಟು ಹಾಕಿಸುವವಳಿದ್ದೆ, ಎದುರುಮನೆಯವಳು ಬಿಡಲಿಲ್ಲ. "ಸಗಣಿ ಹಾಕಿ ಬಡೀರಿ ಸಾಕು, ಕುರಿ ಮಲಗಿದ ನೆಲ, ತಣ್ಣಗಿರ್ತೈತೆ" ಎಂದು ತಾನೇ ಸಾರಿಸಿ ಕೊಟ್ಟಳು. ನೆಲವೇನೋ ತಣ್ಣಗೇ ಇತ್ತು. ಆದರೆ ವಾರದೊಳಗೆ ಗೋಡೆಯ ಸಂದಿಯಿಂದ ಚಿಗಟಗಳು ಎದ್ದವು ನೋಡಿ, ನಾನೂ ನನ್ನ ಗಂಡನೂ ಕೂತಲ್ಲಿ ನಿಂತಲ್ಲಿ ಕೆರೆದುಕೊಂಡದ್ದೇ ಕೆರೆದುಕೊಂಡದ್ದು. ನಾನು ಸಿಟ್ಟಿನಿಂದ ಹೋಗಿ ಅವಳ ಬಾಗಿಲಲ್ಲಿ ನಿಂತೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಕಂಬಳೀಲಿ ಕುಂತು ಉಂಬೋರು ಕೂದ್ಲು ಬಂತು ಅಂದ್ರೆ ಹೆಂಗ್ರಿ? ಕುರಿ ರೊಪ್ಪದಾಗೆ ಮನೆ ಮಾಡೋರು ಚಿಗಟಕ್ಕೆ ಅಂಜ್ತಾರಾ? ಅವು ಹಳೇ ಬಾಡಿಗೆದಾರ್ರು, ಪಾಪ!" ಆಮೇಲೆ ಬೇವಿನಸೊಪ್ಪಿನ ಹೊಗೆ ಹಾಕಿದಳು. ಚಿಗಟ ಹೋಗಲಿಲ್ಲ. ಕೊನೆಗೆ ನನ್ನ ಗಂಡ ಹಿರಿಯೂರಿನಿಂದ ಔಷಧಿ ತಂದು ಹೊಡೆದು, ಸಿಮೆಂಟೂ ಹಾಕಿಸಿದರು. ಅದಕ್ಕೂ ಅವಳಿಗೆ ಬೇಜಾರಿಲ್ಲ. ಹೊಸ ಸಿಮೆಂಟಿನ ಮೇಲೆ ಅಂಗಾತ ಮಲಗಿ, "ಇದೂ ತಣ್ಣಗೇ ಐತೆ ಬಿಡ್ರಿ" ಅಂದಳು.

ಅಂದಿನಿಂದ ಕೆಲಸ ಮುಗಿಸಿ ಬರುವಾಗ ಸೀದಾ ಆ ಕೋಣೆಗೇ ಬರುತ್ತಿದ್ದಳು. ಮೈಯೆಲ್ಲ ಈರುಳ್ಳಿ ವಾಸನೆ. ಗೋಡೆಗೆ ಒರಗಿ ಕಾಲು ಚಾಚಿ, ನಾನು ಕೊಟ್ಟ ಚಹಾ ಊದಿಕೊಂಡು ಕುಡಿಯುತ್ತಿದ್ದಳು. ಅವಳ ಗಂಡ ಕುರಿಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ದಾವಣಗೆರೆ ಕಡೆಯ ಗದ್ದೆ ಬಯಲಿಗೆ ಹೋಗುತ್ತಿದ್ದ. ಮನೆಯಲ್ಲಿ ಇವಳು, ಮಗ, ಸೊಸೆ. "ನಮ್ಮನೇಲಿ ಕುಂತ್ರೆ ಯಾರಿಗಾದ್ರೂ ಏನಾದ್ರೂ ಬೇಕಾಗ್ತೈತೆ. ಇಲ್ಲಿ ಗೊಂಬೆಗಳು ಏನೂ ಕೇಳಲ್ಲ" ಎನ್ನುತ್ತಿದ್ದಳು. ನನ್ನ ಗೊಂಬೆಗಳ ಬಗ್ಗೆ ಅವಳ ಗೇಲಿಗೆ ಕೊನೆಯಿರಲಿಲ್ಲ. ಒಂದರ ಮೂಗು ತನ್ನ ನಾದಿನಿಯದು, ಇನ್ನೊಂದು ಪಂಚಾಯ್ತಿ ಮೆಂಬರು. ಹೊಲಿದಿದ್ದನ್ನು ಮಾರುವುದಿಲ್ಲ, ಮಕ್ಕಳಿಗೂ ಕೊಡುವುದಿಲ್ಲ, ಮತ್ತೆ ಯಾಕೆ ಮಾಡುತ್ತೀರಿ ಎಂದು ಕೇಳಿದಳು. ಸುಮ್ಮನೆ ಎಂದೆ. ಚಹಾದ ಲೋಟ ಕೆಳಗಿಟ್ಟಳು. "ಸುಮ್ನೆ ಅಂತ ನಾನು ಯಾವ್ದೂ ಮಾಡಿಲ್ಲ ದುರ್ಗದಕ್ಕ" ಅಂದಳು.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಮಳೆಯ ಹಿಂದೆಯೇ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂತು. ಬಾಯಿ ಊದುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಕಾಲೆಳೆದುಕೊಂಡು ನಡೆದ ಕುರಿ ಮರುದಿನ ಏಳುತ್ತಿರಲಿಲ್ಲ. ಮಂದೆಗಳೆಲ್ಲ ಹಟ್ಟಿಗೆ ಮರಳಿದವು. ಬೆಳಿಗ್ಗೆ ಎದ್ದರೆ ಯಾವುದೋ ಮನೆಯಿಂದ ಅಳು. ಎದುರುಮನೆಯವಳು ತಾಯಿ ಸತ್ತ ಒಂದು ಹೆಣ್ಣುಮರಿಯನ್ನು ಬಾಟಲಿ ಹಾಲು ಕುಡಿಸಿ ಸಾಕಿದ್ದಳು. ಅದು ಅವಳ ಹಿಂದೆಯೇ ನಲ್ಲಿಗೂ ಬರುತ್ತಿತ್ತು, ನನ್ನ ಕೋಣೆಗೂ ಬಂದು ದಾರದುಂಡೆ ಕಚ್ಚುತ್ತಿತ್ತು. ಅದೂ ಸತ್ತಿತು.

ಆ ದಿನಗಳಲ್ಲೇ ಒಬ್ಬ ಹೆಂಗಸು ಬ್ಲೌಸ್ ಬಿಗಿ ಮಾಡಿಸಲು ನನ್ನ ಕೋಣೆಗೆ ಬಂದಳು. ಹೊಲಿಯುತ್ತಿದ್ದ ಗೊಂಬೆಯ ಹೊಟ್ಟೆಗೇ ಸೂಜಿಗಳನ್ನು ಚುಚ್ಚಿಡುವುದು ನನ್ನ ಅಭ್ಯಾಸ. ಹಾಗಿಟ್ಟರೆ ಸೂಜಿ ಕಳೆಯುವುದಿಲ್ಲ. ಆಕೆ ಅದನ್ನು ನೋಡಿದಳು. ಬ್ಲೌಸು ಅಲ್ಲೇ ಬಿಟ್ಟು ಹೋದಳು. ಸಂಜೆಯೊಳಗೆ ಹಟ್ಟಿಯಲ್ಲೆಲ್ಲ ಸುದ್ದಿ: ದುರ್ಗದವಳು ರೊಪ್ಪದೊಳಗೆ ಗೊಂಬೆ ಮಾಡಿ ಸೂಜಿ ಚುಚ್ಚುತ್ತಾಳೆ, ಮಾಟ ಮಾಡುತ್ತಾಳೆ, ಅದಕ್ಕೇ ಕುರಿ ಸಾಯುತ್ತಿವೆ. ಮರುದಿನ ನಾನು ನಲ್ಲಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ, ಭಯವಾಯಿತು. ಮಕ್ಕಳಂತೆ ಸಾಕಿದ ಜೀವಗಳು ಸಾಯುವಾಗ ಮನುಷ್ಯರಿಗೆ ಬೈಯಲು ಯಾರಾದರೂ ಬೇಕಲ್ಲ. ಮನೆ ಮಾರಿ ಹೋಗಿಬಿಡೋಣ ಎಂದು ಗಂಡನಿಗೆ ಹೇಳಿದೆ. ಗೊಂಬೆಗಳನ್ನು ಮತ್ತೆ ಟ್ರಂಕಿಗೆ ತುಂಬತೊಡಗಿದೆ.

ಅವಳು ಬಂದದ್ದು ಆಗ. ಅತ್ತು ಅತ್ತು ಕಣ್ಣು ಊದಿತ್ತು. ಕಂಕುಳಲ್ಲಿ ಒಂದು ಹಳೇ ಕಂಬಳಿ ತುಂಡು, ಸೆರಗಿನಲ್ಲಿ ಒಂದಿಷ್ಟು ಉಣ್ಣೆ. ಅದು ಅವಳ ಮರಿಯದು, ಮೊದಲ ಸಲ ಕತ್ತರಿಸಿ ಎತ್ತಿಟ್ಟಿದ್ದಳಂತೆ. "ಟ್ರಂಕು ಮುಚ್ರಿ. ಸೂಜಿ ಕೊಡ್ರಿ. ಕುರಿ ಮಾಡಾದು ಹೇಳ್ಕೊಡ್ರಿ" ಅಂದಳು. ನಾನು ಬೇಡವೆಂದೆ, ಕೈಮುಗಿದೆ. ಕೇಳಲಿಲ್ಲ. ಕೋಣೆಯ ಬಾಗಿಲನ್ನು ಅಗಲವಾಗಿ ತೆರೆದು, ಹಿತ್ತಲ ಗೇಟಿನಾಚೆಯ ಬೀದಿಗೆ ಕಾಣುವಂತೆ ಹೊಸ್ತಿಲ ಮೇಲೇ ಕೂತಳು.

ಜನ ಸೇರಿದರು. ಕಂಬಳಿ ಕುರಿಯ ಹೊಟ್ಟೆಗೆ ಎಲ್ಲರಿಗೂ ಕಾಣುವಂತೆ ಸೂಜಿ ಚುಚ್ಚಿ ಎಳೆದಳು. "ನೋಡ್ಕಳ್ರೇ. ನಾನೇ ಚುಚ್ತಾ ಇದೀನಿ, ನನ್ ಮರಿ ಉಣ್ಣೇನೇ ತುಂಬ್ತಾ ಇದೀನಿ. ಸೂಜಿ ಚುಚ್ಚಿದ್ದಕ್ಕೆ ಕುರಿ ಸಾಯಂಗಿದ್ರೆ, ದಿನಾ ಬಂದು ಸೂಜಿ ಹಾಕ್ತಾನಲ್ಲ ಕುರಿ ಡಾಕ್ಟ್ರು, ಅವ್ನಿಗಿಂತ ದೊಡ್ಡ ಮಾಟಗಾರ ಯಾರವ್ನೆ? ಅವ್ನಿಗೆ ಚಹಾ ಕೊಡ್ತೀರಿ, ಇವ್ರಿಗೆ ನೀರು ಬಿಡಲ್ಲ!"

ಯಾರೋ ಕಿಸಕ್ಕೆಂದರು. ಆದರೆ ಅವಳ ಗಂಡ ನಗಲಿಲ್ಲ. ಗೇಟಿನ ಬಳಿ ಕೋಲು ಊರಿ ನಿಂತಿದ್ದ. ಅವನ ಮಂದೆಯಲ್ಲೂ ಎಷ್ಟೋ ಸತ್ತಿದ್ದವು. "ಏ, ಎದ್ದು ಬಾರೇ" ಅಂದ. ಅವನು ಕರೆದು ಅವಳು ಏಳದೇ ಇದ್ದದ್ದನ್ನು ಆ ಹಟ್ಟಿಯಲ್ಲಿ ಯಾರೂ ನೋಡಿರಲಿಲ್ಲ. ಅವಳು ಸೂಜಿಗೆ ಮತ್ತೆ ದಾರ ಪೋಣಿಸಿಕೊಂಡಳು. ತಲೆ ಎತ್ತದೆ ಅಂದಳು: "ಈ ಹೊಲಿಗೆ ಮುಗಿಸ್ಕಂಡು ಬತ್ತೀನಿ. ನೀ ನಡಿ."

ಆ ರಾತ್ರಿ ಹಟ್ಟಿಯಲ್ಲಿ ಒಂದು ಕುರಿ ಸತ್ತಿದ್ದರೂ ಅವಳ ಗತಿ ಏನಾಗುತ್ತಿತ್ತೋ! ಯಾವುದೂ ಸಾಯಲಿಲ್ಲ. ಮಳೆ ನಿಂತು, ಡಾಕ್ಟರ ಸೂಜಿಯೂ ನಾಟಿ, ರೋಗ ಇಳಿಯಿತು. ಯಾರೂ ನನ್ನ ಬಳಿ ಬಂದು ತಪ್ಪಾಯಿತು ಎನ್ನಲಿಲ್ಲ. ಬ್ಲೌಸು ಬಿಟ್ಟು ಹೋದವಳು ಬಂದು ಬ್ಲೌಸು ಕೇಳಿದಳು, ಜೊತೆಗೆ ಒಂದು ಚೀಲ ಚೂರುಬಟ್ಟೆ ಇಟ್ಟು ಹೋದಳು. ಅಷ್ಟು ಸಾಕಾಯಿತು. ನಾವು ಅಲ್ಲೇ ಉಳಿದೆವು.

ಕುರಿಗೊಂಬೆ ಚೆನ್ನಾಗಿಯೇ ಆಯಿತು. ಒಂದು ಕಾಲು ಗಿಡ್ಡ, ಅಷ್ಟೆ. ಕಿವಿ ಮಾತ್ರ ಉಳಿದಿತ್ತು. ಕುರಿ ಯಾರದೆಂದು ತಿಳಿಯಲು ಈ ಕಡೆ ಕಿವಿ ಕತ್ತರಿಸಿ ಗುರುತು ಮಾಡುತ್ತಾರೆ. ಒಂದು ಮನೆತನದ್ದು ತುದಿಯಲ್ಲಿ ಸೀಳು, ಇನ್ನೊಂದರದ್ದು ಅಂಚಿಗೆ ಕಚ್ಚು. ಎರಡು ಮಂದೆ ಬೆರೆತರೂ ಕಿವಿ ನೋಡಿ ಬೇರೆ ಮಾಡುತ್ತಾರೆ. ನಿಮ್ಮ ಮನೆಯ ಗುರುತು ಹಾಕಿಬಿಡು, ಮುಗಿಯಿತು ಎಂದು ಕತ್ತರಿ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

"ಅಪ್ಪನ ಮನೇಲಿದ್ದಾಗ ಅಪ್ಪನ ಗುರ್ತಿನ ಕುರಿ ಕಾಯ್ದೆ. ಇಲ್ಲಿಗ್ ಬಂದ್ ಮ್ಯಾಲೆ ಇವ್ರ ಗುರ್ತಿಂದು. ಬಾಟ್ಲಿ ಹಾಲು ಕುಡ್ಸಿದ ಮರೀಗೂ ಇವ್ರ ಗುರ್ತೇ ಹಾಕಿದ್ರು. ಇದು ನಂದು. ಇದಕ್ಕೆ ನಂದೇ ಒಂದು ಗುರ್ತು ಹಾಕ್ತೀನಿ" ಅಂದಳು.

ಆಮೇಲೆ ಅದೇ ಒಂದು ಆಟವಾಯಿತು. ಚಹಾ ಕುಡಿಯುತ್ತಾ ನನ್ನ ಟೈಲರಿಂಗ್ ಚಾಕಿನಿಂದ ಸಿಮೆಂಟಿನ ಮೇಲೆ ಕಿವಿಗಳನ್ನು ಬರೆಯುವಳು. ಹೀಗೆ ಸೀಳಿದರೆ ಅದು ಮೇಲಿನಹಟ್ಟಿಯವರದು. ಹಾಗೆ ಕಚ್ಚು ಹಾಕಿದರೆ ಅವಳ ಬೀಗರದು. ತೂತು ಹಾಕಿದರೆ ಯಾರದೂ ಅಲ್ಲ, ಆದರೆ ಅವಳಿಗೆ ಚೆಂದ ಕಾಣಲಿಲ್ಲ. ಒರೆಸಿ ಮತ್ತೆ ಬರೆಯುವಳು. ಬೇಗ ಒಂದು ನಿರ್ಧಾರ ಮಾಡು ಮಾರಾಯ್ತಿ ಎಂದು ನಾನು ರೇಗಿದರೆ, "ಅವಸರ ಏನೈತ್ರಿ? ಕುರಿ ಎಲ್ಲಿಗ್ ಹೋಗ್ತೈತೆ?" ಎನ್ನುತ್ತಿದ್ದಳು.

ಕುರಿ ಎಲ್ಲಿಗೂ ಹೋಗಲಿಲ್ಲ.

ಚಳಿ ಶುರುವಾದ ಮೇಲಿನ ಒಂದು ಮಧ್ಯಾಹ್ನ. ಈರುಳ್ಳಿ ಹೊಲದಲ್ಲಿ ಎದೆ ಉರಿ ಅಂದಳಂತೆ. ಗ್ಯಾಸು ಎಂದು ಸೋಡಾ ತರಿಸಿ ಕುಡಿಸಿದರಂತೆ. ಕುಡಿದು, ಈಗ ಪರವಾಗಿಲ್ಲ ಎಂದು ಮತ್ತೆ ಕುಡುಗೋಲು ಹಿಡಿದವಳು ಅಲ್ಲೇ ಕುಸಿದಳಂತೆ. ಟೆಂಪೋದಲ್ಲಿ ಮಲಗಿಸಿಕೊಂಡು ಹಿರಿಯೂರಿಗೆ ಹೊರಟವರು ದಾರಿಯಲ್ಲೇ ತಿರುಗಿಸಿಕೊಂಡು ಬಂದರು. ನಾನು ಅವಳು ಬರುವ ಹೊತ್ತಿಗೆ ಸರಿಯಾಗಿ ಚಹಾಕ್ಕೆ ನೀರಿಟ್ಟಿದ್ದೆ.

ಅವಳ ಗಂಡ ದೂರದ ಗದ್ದೆ ಬಯಲಿನಲ್ಲಿದ್ದ, ಅವನು ಬರುವುದು ಮರುದಿನ ಬೆಳಿಗ್ಗೆಯಾಯಿತು. ಹೆಂಗಸರು ಅವಳಿಗೆ ಸ್ನಾನ ಮಾಡಿಸುವಾಗ ನನ್ನನ್ನೂ ಕರೆದರು. ಹೆಬ್ಬೆರಳಿನ ರಬ್ಬರು ಹಾಗೇ ಇತ್ತು. ತೆಗೆಯಲು ಯಾರಿಗೂ ಕೈ ಬರಲಿಲ್ಲ. ನಾನು ತೆಗೆದೆ. ಬಿಸಿಲಿಗೆ ಸುಟ್ಟು ಕಪ್ಪಾದ, ಒಡೆದು ಹೋದ ಆ ಕೈಯಲ್ಲಿ ಆ ಒಂದು ಬೆರಳು ಮಾತ್ರ ಬೆಳ್ಳಗೆ, ಎಳೇ ಮಗುವಿನ ಬೆರಳಿನಷ್ಟು ಮೆತ್ತಗಿತ್ತು. ಅದನ್ನು ಹಿಡಿದುಕೊಂಡು ಅತ್ತುಬಿಟ್ಟೆ. ನನ್ನ ಸ್ವಂತ ಅಕ್ಕ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಆಮೇಲೆ ರಬ್ಬರನ್ನು ಮತ್ತೆ ಅವಳ ಬೆರಳಿಗೇ ಹಾಕಿದೆ. ಅದು ಅವಳೇ ಕಟ್ಟಿಕೊಂಡದ್ದು. ಕಂಬಳಿ ಹೊದಿಸಿ ಮಣ್ಣು ಮಾಡಿದರು.

ಕಾರ್ಯವೆಲ್ಲ ಮುಗಿದು, ಮತ್ತೆ ಮಂದೆಯ ಕಡೆ ಹೊರಡುವ ದಿನ ಅವಳ ಗಂಡ ನಮ್ಮ ಹಿತ್ತಲಿಗೆ ಬಂದ. ಕೋಣೆಯೊಳಗೆ ಅವನು ಹಿಂದೆಂದೂ ಕಾಲಿಟ್ಟಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಅವಳು ಒರಗಿ ಕೂರುತ್ತಿದ್ದ ಗೋಡೆಯನ್ನು ನೋಡಿದ. ಅದು ಯಾವುದೆಂದು ನಾನು ಹೇಳಬೇಕಾಗಿರಲಿಲ್ಲ, ಎಣ್ಣೆತಲೆಯ ಕಲೆ ಅಲ್ಲಿ ಹಾಗೇ ಇತ್ತು. ಕಿಟಕಿಯಲ್ಲಿದ್ದ ಕುರಿಯನ್ನು ಕೈಗೆ ತೆಗೆದುಕೊಂಡು, ಕುರಿ ಕಾಯುವವರ ಅಭ್ಯಾಸ ನೋಡಿ, ಮೊದಲು ಅದರ ಕಿವಿ ಮಡಚಿ ನೋಡಿದ.

"ಗುರ್ತೇ ಇಲ್ಲ" ಅಂದ.

"ಅವಳು ತನ್ನದೇ ಒಂದು ಗುರುತು ಹಾಕ್ತೀನಿ ಅಂತಿದ್ಲು."

"ತನ್ದೇ? ಯಾವ್ದು ಅವಳ್ದು?"

ನನಗೆ ಗೊತ್ತಿರಲಿಲ್ಲ. ನಿಮಗೇನಾದರೂ ಹೇಳಿದ್ದಳೇ ಎಂದು ಕೇಳಿದೆ. ಅವನು ಇಲ್ಲವೆಂದು ತಲೆಯಾಡಿಸಿದ. ಸೊಂಟದಿಂದ ಚೂರಿ ತೆಗೆದು ಬಿಚ್ಚಿದ. ಸಾವಿರ ಮರಿಗಳ ಕಿವಿ ಕತ್ತರಿಸಿದ ಕೈ ಅದು. ಕಂಬಳಿ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಿದ. ತಡೆಯಬೇಕೆಂದು ಎದ್ದೆ. ಅಷ್ಟರಲ್ಲಿ ಅವನೇ ಚೂರಿ ಮಡಚಿದ.

"ನಮ್ದು ಹಾಕಿದ್ರೆ ಬೈತಾಳೆ" ಅಂದ. ಕುರಿಯನ್ನು ಇದ್ದ ಜಾಗದಲ್ಲೇ, ಮುಖ ಬಾಗಿಲ ಕಡೆ ಮಾಡಿ ಇಟ್ಟ. "ಇಲ್ಲೇ ಇರ್ಲಿ ಬಿಡ್ರಿ. ಯಾರಾದ್ರೂ ಯಾರ್ದು ಅಂತ ಕೇಳಿದ್ರೆ, ಅವಳ್ದು ಅನ್ರಿ" ಎಂದು ಕೋಲು ತೆಗೆದುಕೊಂಡು ಹೊರಟುಹೋದ.

ಕೇಳಿದವರಿಗೆಲ್ಲ ಹಾಗೇ ಹೇಳುತ್ತಿದ್ದೇನೆ. ಈಗ ಆ ಕೋಣೆಗೆ ಹಟ್ಟಿಯ ನಾಲ್ಕಾರು ಹೆಂಗಸರು ಬರುತ್ತಾರೆ, ಕೂರುತ್ತಾರೆ, ಸೂಜಿಯನ್ನು ಗೊಂಬೆಯ ಹೊಟ್ಟೆಗೇ ಚುಚ್ಚಿಟ್ಟು ಹೋಗುತ್ತಾರೆ. ಬಾಗಿಲು ತೆರೆದೇ ಇರುತ್ತದೆ. ಸಿಮೆಂಟಿನ ಮೇಲೆ ಅವಳು ಬರೆದ ಕೊನೆಯ ಕಿವಿ ನನಗರಿವಿಲ್ಲದೆ ಗುಡಿಸುವಾಗ ಅಳಿಸಿಹೋಯಿತು, ಅದು ಹೇಗಿತ್ತೆಂದು ಎಷ್ಟು ನೆನಪಿಸಿಕೊಂಡರೂ ಬರುತ್ತಿಲ್ಲ. ಕತ್ತರಿ ಕಿಟಕಿಯ ಪಕ್ಕದಲ್ಲೇ ನೇತಾಡುತ್ತದೆ. ದಿನವೂ ಅದರಿಂದ ಏನಾದರೊಂದು ಕತ್ತರಿಸುತ್ತೇನೆ. ಆ ಎರಡು ಕಿವಿಗಳನ್ನು ಮಾತ್ರ ಮುಟ್ಟಿಲ್ಲ.