ಪುಟ್ಟಿ ತುಂಬಿದ ಕಚ್ಚುಗಳು

ಮಲೇಷ್ಯಾದ ಈ ಮೆಲಾಕಾ ಊರಿನ ಚರಿತ್ರೆ ನಾನು ಓದಿ ಕಲಿತದ್ದಲ್ಲ, ಕೆರೆದು ಕಲಿತದ್ದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಂಗಳೂರಿನಲ್ಲಿ ಬ್ರಶ್ ಹಿಡಿದವನು, ಹನ್ನೊಂದು ವರ್ಷದಿಂದ ಇಲ್ಲಿನ ಹಳೇ ಪೇಟೆಯ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದೇನೆ. ಹೊಸದು ಹೊಡೆಯುವ ಮೊದಲು ಹಳೆಯದನ್ನು ಕೆರೆಯಬೇಕಲ್ಲ. ಕೆಂಪಿನ ಕೆಳಗೆ ಹಳದಿ, ಹಳದಿಯ ಕೆಳಗೆ ನೀಲಿ, ಅದರ ಕೆಳಗೆ ಬರೀ ಸುಣ್ಣ. ಪೋರ್ಚುಗೀಸರು ಬಂದರು, ಡಚ್ಚರು ಬಂದರು, ಇಂಗ್ಲಿಷರು ಬಂದರು ಅಂತ ಗೈಡುಗಳು ಕೆಳಗೆ ನಿಂತು ಹೇಳುವುದನ್ನು ಏಣಿಯ ಮೇಲಿಂದ ಕೇಳಿಸಿಕೊಳ್ಳುತ್ತೇನೆ. ನನ್ನ ಕೆಲಸದಲ್ಲಿ ಇವತ್ತಿನವರೆಗೆ ಯಾರೂ ಒಂದು ಗುಳ್ಳೆ ತೋರಿಸಿದ್ದಿಲ್ಲ. ಜಂಬ ಅಂದರೂ ಸರಿ.

ನಾವಿರುವುದು ಕಡಲ ಬದಿಗೆ, ಪೋರ್ಚುಗೀಸ್ ವಂಶದ ಮೀನುಗಾರರ ಕೇರಿಯಲ್ಲಿ. ಮನೆಯ ಓನರ್‌ಗೆ ಎಪ್ಪತ್ತು ದಾಟಿದೆ, ಈಗಲೂ ಸಣ್ಣ ಸಿಗಡಿ ಹಿಡಿಯಲು ದೋಣಿ ಇಳಿಸುತ್ತಾರೆ. ಮೊದಲ ದಿನ ಬೀಗದ ಕೈ ಕೊಡುತ್ತಾ ಅವರು "ಚಾಬಿ" ಅಂದಾಗ ನನ್ನ ಹೆಂಡತಿ ನಕ್ಕುಬಿಟ್ಟಿದ್ದಳು. ನಮ್ಮ ಮನೆಯ ಕೊಂಕಣಿಯಲ್ಲೂ ಅದು ಚಾವಿಯೇ. ಅವತ್ತಿಂದ ಅವರು ನಮಗೆ ಅಂಕಲ್, ನಾನು ಅವರಿಗೆ ಬಾಸ್. ಮಾತು ಅರ್ಧ ಮಲಯ್, ಅರ್ಧ ಇಂಗ್ಲಿಷ್, ಕೊನೆಗೆ ಇಲ್ಲಿನವರ ರೂಢಿಯ ಒಂದು "ಲಾ".

ಜೂನ್ ಕೊನೆಗೆ ಸಂತ ಪೇತ್ರರ ಹಬ್ಬ, ಮೀನುಗಾರರಿಗೆ ದೊಡ್ಡದು. ದೋಣಿಗಳಿಗೆ ಬಣ್ಣ ಬಳಿದು, ಬಾವುಟ ಕಟ್ಟಿ, ಸಾಲಾಗಿ ನಿಲ್ಲಿಸುತ್ತಾರೆ. ಪೂಜೆಯಾದ ಮೇಲೆ ಪಾದ್ರಿಗಳು ಒಂದೊಂದಕ್ಕೂ ತೀರ್ಥ ಚಿಮುಕಿಸುತ್ತಾರೆ. ಕಳೆದ ವರ್ಷ, ಈ ಕೇರಿಗೆ ಬಂದ ಮೇಲೆ ನಮಗದು ಮೊದಲ ಹಬ್ಬ, ಅಂಕಲ್‌ಗೆ ಮೊಣಕಾಲು ನೋವು. "ಈ ಸಲ ದೋಣಿ ಹಾಗೇ ಇರಲಿ ಲಾ" ಅಂದರು. ನಾನು ಬಿಡುತ್ತೇನಾ? ನಾನಿರುವ ಮನೆಯ ದೋಣಿ ಬಣ್ಣಗೆಟ್ಟು ನಿಲ್ಲುವುದೆಂದರೇನು? ಮೂರು ದಿನ ರಜೆ ಹಾಕಿ ಕೂತೆ. ಕೂರುವ ಹಲಗೆಯ ಅಂಚಿನ ತುಂಬ ಕಚ್ಚುಗಳಿದ್ದವು. ಚೂರಿ ತಾಗಿಯೋ ಹಗ್ಗ ಉಜ್ಜಿಯೋ ಆದದ್ದು ಅಂದುಕೊಂಡು ಒಂದೊಂದಕ್ಕೂ ಪುಟ್ಟಿ ತುಂಬಿ, ಸ್ಯಾಂಡ್ ಪೇಪರ್ ಉಜ್ಜಿ, ನೀಲಿ ಎನಾಮಲ್ ಕೊಟ್ಟೆ. ಕೈಯಾಡಿಸಿದರೆ ಗಾಜು.

ಹಬ್ಬದ ಬೆಳಿಗ್ಗೆ ಅಂಕಲ್ ಕುಂಟುತ್ತಾ ಬಂದು ದೋಣಿಗೆ ಒಂದು ಸುತ್ತು ಹಾಕಿದರು. ಮುಖ ಅರಳಿತ್ತು. ಆಮೇಲೆ ಹಲಗೆಯ ಅಂಚಿಗೆ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಎಳೆದರು. ಮತ್ತೊಮ್ಮೆ ಎಳೆದರು.

"ಇಲ್ಲಿ ಕಚ್ಚು ಇತ್ತಲ್ಲ, ಬಾಸ್?"

"ಎಲ್ಲ ಮುಚ್ಚಿದ್ದೇನೆ ಅಂಕಲ್. ಒಂದೂ ಗೊತ್ತಾಗುವುದಿಲ್ಲ."

ಅವರು ಬೈಯಲಿಲ್ಲ. ಆ ಹಲಗೆ ಅವರ ಅಪ್ಪನ ಮೊದಲ ದೋಣಿಯದಂತೆ. ದೋಣಿ ಮೂರು ಬದಲಾಯಿತು, ಹಲಗೆ ಮಾತ್ರ ಅದೇ. ಪ್ರತಿ ಹಬ್ಬಕ್ಕೆ, ತೀರ್ಥ ಬಿದ್ದ ಮೇಲೆ ಒಂದು ಕಚ್ಚು. ಎಡದಿಂದ ಶುರುವಾದದ್ದು ಅಪ್ಪನದು, ಮುಂದಿನದೆಲ್ಲ ಇವರದು.

"ಹೋಗಲಿ ಲಾ, ನಿನಗೆ ಗೊತ್ತಿರಲಿಲ್ಲ" ಅಂದರು. ಹೋಗಲಿ ಅಂದದ್ದೇ ನನಗೆ ತಾಗಿತು.

ಚಹಾ ತಂದ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. "ನಿಮಗೆ ಒಂದು ತೂತು ಕಂಡರೆ ಸಾಕು, ಯಾಕೆ ಇದೆ ಅಂತ ಕೇಳುವುದಿಲ್ಲ. ಈಗ ಮುಖ ಇಳಿಸಿ ಕೂತು ಎಂತ ಮಾಡ್ತೀರಿ? ತುಂಬಿದವರೇ ತೆಗೆಯಿರಿ."

ಪೂಜೆಗೆ ಇನ್ನೂ ಹೊತ್ತಿತ್ತು. ನನ್ನ ಬಣ್ಣವನ್ನು ನಾನೇ ಕೆರೆದೆ. ಹಲಗೆ ಕಪ್ಪು, ಪುಟ್ಟಿ ಬಿಳಿ. ಕಚ್ಚುಗಳೆಲ್ಲ ಗೆರೆಗಳಾಗಿ ಎದ್ದವು. ಮೊಳೆಯ ತುದಿಯಿಂದ ಒಂದೊಂದನ್ನೇ ಬಿಡಿಸಿದೆ. ಗಟ್ಟಿ ಕೆಲಸ ಮಾಡಿದ್ದೆನಲ್ಲ, ಸುಲಭಕ್ಕೆ ಬರಲಿಲ್ಲ. ಅಂಕಲ್ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಬೆರಳಿಟ್ಟು ಹೇಳುತ್ತಾ ಹೋದರು. "ಇದು ನನ್ನ ಮದುವೆಯ ವರ್ಷ. ಇದು ಕಡಲಿಗೆ ಮಣ್ಣು ತುಂಬಿಸಿದ ವರ್ಷ, ಸಿಗಡಿ ದೂರ ಹೋಯಿತು. ಇದು... ಇದು ನನ್ನದಲ್ಲ, ಇಲಿಯದು." ನಾನೂ ನಕ್ಕೆ.

ಆದರೆ ಎಡತುದಿಯ ಎರಡು ಸಿಗಲಿಲ್ಲ. ಅಪ್ಪನ ಕಾಲದವು, ಆಳವಿರಲಿಲ್ಲ. ನನ್ನ ಸ್ಯಾಂಡ್ ಪೇಪರಿಗೇ ಹೋಗಿದ್ದವು. ಅಂಕಲ್ ಆ ಜಾಗವನ್ನು ಸುಮ್ಮನೆ ಸವರಿದರು.

ಸಂಜೆ ಸಾಲಿನಲ್ಲಿ ನಮ್ಮ ದೋಣಿ ಫಳಫಳ, ನಡುವಿನ ಹಲಗೆಯ ಅಂಚು ಮಾತ್ರ ಬೋಳು. ಪಕ್ಕದ ದೋಣಿಯವನು "ಬಾಸ್, ಪೈಂಟ್ ಸಾಕಾಗಲಿಲ್ವಾ?" ಅಂತ ಕಾಲೆಳೆದ. ಬೇರೆ ದಿನವಾಗಿದ್ದರೆ ಸುಮ್ಮನಿರುತ್ತಿರಲಿಲ್ಲ. "ಹೌದು, ಸಾಕಾಗಲಿಲ್ಲ" ಅಂದೆ.

ತೀರ್ಥ ಬಿತ್ತು. ಅಂಕಲ್ ಜೇಬಿನಿಂದ ಚೂರಿ ತೆಗೆದು ನನ್ನ ಕೈಗೆ ಕೊಟ್ಟರು.

"ನನಗೆ ಬಗ್ಗಲಿಕ್ಕಾಗುವುದಿಲ್ಲ, ನೀನೇ ಹಾಕು. ಬಲಕ್ಕೆ ಒಂದು, ಎಡಕ್ಕೆ ಎರಡು. ಚಂದ ಬರಬೇಕೆಂದಿಲ್ಲ."

ಹಾಕಿದೆ. ಮೂರೂ ನೇರವಾಗಿಯೇ ಬಂದವು. ಪಳಗಿದ ಕೈ, ಏನು ಮಾಡುವುದು. ಕಪ್ಪು ಹಲಗೆಯಲ್ಲಿ ಹೊಸ ಮರ ಬೆಳ್ಳಗೆ ಕಾಣುತ್ತಿತ್ತು. ಹೆಂಡತಿ ಬಗ್ಗಿ ನೋಡಿ, "ಇದಕ್ಕೂ ಪುಟ್ಟಿ ಹಾಕಿಬಿಟ್ಟೀರಿ" ಅಂದಳು. ಅಂಕಲ್‌ಗೆ ನಮ್ಮ ಕೊಂಕಣಿ ಬರುವುದಿಲ್ಲ, ಆದರೂ ಮೊದಲು ನಕ್ಕವರು ಅವರೇ.