ಹಗ್ಗದ ಗೋಣೆಪ್ಪ

ಗಂಗಾವತಿ ಫುಟ್‌ಬಾಲ್ ಕ್ಲಬ್ಬಿನ ಪಂದ್ಯವಿದ್ದಾಗ ಮೈದಾನದ ಸುತ್ತ ಹಗ್ಗ ಕಟ್ಟಿ, ಜನ ಒಳಗೆ ನುಗ್ಗದಂತೆ ಬೇವಿನ ಕೋಲು ಹಿಡಿದು ಕಾಯುವುದು ಗೋಣೆಪ್ಪನ ಕೆಲಸ. "ಹಿಂದಕ್ಕ ಸರೀರಿ, ಹಗ್ಗ ಹರೀತೈತಿ!" ಎಂದು ಅವನು ಕೂಗಿದರೆ ಗೋಲ್‌ಕೀಪರನೂ ಎರಡು ಹೆಜ್ಜೆ ಸರಿಯುತ್ತಿದ್ದ. ಊರಿಗೆ ಟಿ.ವಿ. ಬಂದು, ಹುಡುಗರು ಕ್ರಿಕೆಟ್ಟಿನ ಹಿಂದೆ ಬಿದ್ದ ಮೇಲೆ ಹತ್ತು ಮಂದಿಯೂ ಬರುವುದಿಲ್ಲ. ಪಡುವಣ ಬದಿಯಲ್ಲಂತೂ ನರಪಿಳ್ಳೆಯೂ ಇಲ್ಲ. ಆದರೆ ಅವನು ಹೆಚ್ಚು ಗದರುವುದು ಅಲ್ಲಿಯೇ: "ಪಕೀರಪ್ಪ ಮಾಸ್ತರ, ನೀವೂ ಹಿಂಗ ಮಾಡಿದ್ರ ಹೆಂಗ್ರಿ?" ಪ್ರತಿ ಪಂದ್ಯಕ್ಕೂ ಆ ಬದಿಯಲ್ಲೇ ನಿಂತು ನೋಡುತ್ತಿದ್ದ ಮಾಸ್ತರರು ತೀರಿಕೊಂಡು ಆರು ವರ್ಷವಾಗಿತ್ತು; ಆಟಗಾರರು ನಗುತ್ತಿದ್ದರು. ಮೊನ್ನೆ ಚೆಂಡು ಆ ಬದಿಯ ಹಗ್ಗ ದಾಟಿ ಹೋಯಿತು. ತರಲು ಯಾರಾದರೂ ಹೊರಡುವ ಮೊದಲೇ ಅದು ಹಗ್ಗದ ಮೇಲಿಂದ ಹಾರಿ ಮತ್ತೆ ಒಳಗೆ ಬಂದು ಬಿತ್ತು. ಯಾರೂ ನಗಲಿಲ್ಲ. ಗೋಣೆಪ್ಪ ಮಾತ್ರ ಕೋಲೆತ್ತಿ, "ಛಲೋ ಆತ್ರಿ ಮಾಸ್ತರ. ಈಗ ಹಿಂದಕ್ಕ ಸರೀರಿ," ಎಂದ.