ಬೆಳೆಹಬ್ಬಕ್ಕೆ ಬಂದ ಟೆಲಿಫೋನು

೧೯೯೬ರಲ್ಲಿ ನಾನು ಸೂರತ್ತಿನಲ್ಲಿ ದೂರವಾಣಿ ಇಲಾಖೆಯ ಜೂನಿಯರ್ ಟೆಲಿಕಾಂ ಆಫೀಸರ್ ಆಗಿದ್ದೆ. ತಾಪಿ ನದಿಯ ಆಚೆ ದಡದ ಅಡಾಜಣ್ ಬಡಾವಣೆಗೆ ಹೊಸ ಲೈನು ಎಳೆಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಗ ಮನೆಗೆ ಟೆಲಿಫೋನು ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಆ ಕಾರಣದಿಂದ ಊರಿನಲ್ಲಿ ನನಗೆ ವಿಪರೀತ ಮರ್ಯಾದೆ. ಅದು ನನ್ನ ಗುಣಕ್ಕೆ ಸಂದದ್ದಲ್ಲ ಎಂಬುದು ಮೊಬೈಲುಗಳು ಬಂದ ಮೇಲೆ ತಾನಾಗಿ ಗೊತ್ತಾಯಿತು.

ನಾನು ಗದಗಿನ ಕಡೆಯ ಕ್ರೈಸ್ತ. ಬ್ಯಾಂಕು, ರೈಲ್ವೆ, ಮಿಲ್ಲು ಎಂದು ಅಲ್ಲಿಗೆ ಬಂದು ಬಿದ್ದಿದ್ದ ಕನ್ನಡದ ಕೆಲವು ಕುಟುಂಬಗಳು ಸೇರಿ ಒಂದು ಗುಜರಾತಿ ಚರ್ಚಿನಲ್ಲಿ, ಅವರ ಆರಾಧನೆ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ ನಮ್ಮ ಆರಾಧನೆ ನಡೆಸುತ್ತಿದ್ದೆವು. ಸಭಾಪಾಲಕರು, ಅಂದರೆ ನಮ್ಮ ಪಾದ್ರಿಗಳು, ವಡೋದರದಿಂದ ಬರಬೇಕಿತ್ತು. ಅವರ ಉಪದೇಶದ ಪ್ರಸಂಗ ಎಷ್ಟು ಉದ್ದವಿರಬೇಕೆಂದು ನಿರ್ಧರಿಸುತ್ತಿದ್ದದ್ದು ಪವಿತ್ರಾತ್ಮನೋ ವಾಪಸು ಹೋಗುವ ರೈಲೋ ಎಂಬುದು ಸಭೆಯಲ್ಲಿ ಚರ್ಚೆಯ ವಿಷಯವಾಗಿತ್ತು.

ನಮ್ಮವರಲ್ಲಿ ಬೆಳೆಹಬ್ಬ ಎಂದೊಂದು ಆಚರಣೆ ಉಂಟು. ಹೊಲದಲ್ಲಿ, ಹಿತ್ತಲಲ್ಲಿ ಮೊದಲು ಬಂದದ್ದನ್ನು ‘ಪ್ರಥಮ ಫಲ’ವೆಂದು ಚರ್ಚಿಗೆ ತಂದು ಮೇಜಿನ ಮೇಲೆ ಇಡುತ್ತಾರೆ. ಪ್ರಾರ್ಥನೆಯಾದ ಮೇಲೆ ಎಲ್ಲವನ್ನೂ ಹರಾಜು ಹಾಕುತ್ತಾರೆ. ಬಂದದ್ದು ಬಡವರ ಪಾಲಿಗೆ. ಗದಗಿನಲ್ಲಿ ಇದು ಸುಲಭ. ಅಡಾಜಣಿನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಏನು ಬೆಳೆಯುವುದು? ಹೆಚ್ಚಿನವರು ಪೇಟೆಯಲ್ಲಿ ಕುಂಬಳಕಾಯಿ ಕೊಂಡು, ತಾವೇ ಬೆಳೆದಂತೆ ಮುಖಮಾಡಿ ತರುತ್ತಿದ್ದರು.

ಈ ನಟನೆ ಸಹಿಸದವರು ಒಬ್ಬರೇ: ಸಾಲೋಮನ್ ಮಾಸ್ತರು. ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಡೈಯಿಂಗ್ ಮಾಸ್ತರಾಗಿದ್ದ ಅವರು ನಮ್ಮೂರ ಕಡೆಯವರೇ. ಕೊಂಡುತಂದ ಕುಂಬಳಕಾಯಿ ದೇವರಿಗೆ ಮಾಡುವ ಮೋಸ ಎಂಬುದು ಅವರ ಅಭಿಪ್ರಾಯ. ಹೀಗಾಗಿ ವರ್ಷವೂ ಬರಿಗೈಯಲ್ಲಿ ಬಂದು, ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂರುತ್ತಿದ್ದರು. ಆ ವರ್ಷ ಬೆಳೆಹಬ್ಬದ ವಾರವೇ, ಆರು ವರ್ಷ ಕಾದ ಅವರ ಟೆಲಿಫೋನು ಮಂಜೂರಾಯಿತು.

ಗುರುವಾರ ನಮ್ಮ ಲೈನ್‌ಮನ್ ಹೋಗಿ ಅದನ್ನು ಜೋಡಿಸಿ ಬಂದ. ಭಾನುವಾರದವರೆಗೆ ಯಾರೂ ರಿಸೀವರ್ ಮುಟ್ಟಕೂಡದೆಂದು ಮಾಸ್ತರರು ಮನೆಯಲ್ಲಿ ಆಜ್ಞೆ ಹೊರಡಿಸಿದರು. ಲೈನ್‌ಮನ್ ಹೇಳಿದ ‘ಹಲೋ, ಟೆಸ್ಟಿಂಗ್’ ಮಾತ್ರ ಕರೆಯಲ್ಲ, ಸೇವೆ ಎಂದು ಅವರೇ ತೀರ್ಪು ಕೊಟ್ಟರು. ಅವರ ಹೆಂಡತಿ ಎಸ್ತೇರಬಾಯಿ ಇದನ್ನು ಭಕ್ತಿಯೆಂದು ತಿಳಿದು ಒಪ್ಪಿದರು. ಅವರಿಗೆ ಬೇಕಾದದ್ದು ಒಂದೇ, ಗದಗಿನಿಂದ ಬರುವ ಕರೆ; ಅದು ಬಂದರೆ ಆಜ್ಞೆ ಮೀರಿಯಾದರೂ ಎತ್ತುವುದೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಮಗಳಿಗೆ ಚೊಚ್ಚಲ ಹೆರಿಗೆ, ಮೇಲೆ ಬಿ.ಪಿ. ಬೇರೆ. ರೈಲು ಹತ್ತಿಸಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಮಗಳು ಅಲ್ಲೇ ಉಳಿದಿದ್ದಳು. ಬುಧವಾರ ತಾಯಿಯೇ ಹೊರಡುವುದೆಂದು ಟಿಕೆಟ್ ಆಗಿತ್ತು. ಅಷ್ಟರೊಳಗೆ ಏನಾದರೂ ಆದರೆ ಫೋನ್ ಮಾಡಿ ಎಂದು ಅಳಿಯನಿಗೆ ಟೆಲಿಗ್ರಾಂ ಕೊಟ್ಟು ನಂಬರು ತಿಳಿಸಿಯಾಗಿತ್ತು.

ಆ ಭಾನುವಾರ ಒಂದು ಕೇಬಲ್ ಕೆಟ್ಟದ್ದರಿಂದ ನಾನು ಚರ್ಚು ತಲುಪುವಾಗ ಹರಾಜೇ ಮುಗಿದಿತ್ತು. ಮೆಟ್ಟಿಲ ಮೇಲೆ ಎಸ್ತೇರಬಾಯಿಯ ದನಿ ಕೇಳುತ್ತಿತ್ತು. ಆರಾಧನೆಯ ನಡುವೆ ಗಂಡನನ್ನು ಬೈಯುವ ಪದ್ಧತಿ ನಮ್ಮಲ್ಲಿಲ್ಲ. ಮೆಟ್ಟಿಲುಗಳಿರುವುದು ಅದಕ್ಕೇ.

“ದೇವರಿಗೆ ಕೊಟ್ರಿ, ಛಲೋ ಆತು. ಈಗ ಗದಗಿನಿಂದ ಫೋನ್ ಬಂದ್ರ ದೇವರು ಎತ್ತತಾನೇನು?”

ವಿಷಯ ಇಷ್ಟು. ಎಸ್ತೇರಬಾಯಿ ತೋರಣ ಕಟ್ಟಲೆಂದು ಮುಂಚೆಯೇ ಚರ್ಚಿಗೆ ಬಂದಿದ್ದರು. ಅವರು ಹೊರಟ ಮೇಲೆ ಮಾಸ್ತರರು ಸ್ಕ್ರೂಡ್ರೈವರ್ ಹಿಡಿದು ಟೆಲಿಫೋನನ್ನೇ ಬಿಚ್ಚಿ, ಕಸೂತಿ ವಸ್ತ್ರದಲ್ಲಿ ಸುತ್ತಿ ತಂದು, ಕುಂಬಳಕಾಯಿಗಳ ನಡುವೆ ಇಟ್ಟುಬಿಟ್ಟಿದ್ದರು. ಪ್ರಾರ್ಥನೆಯಾಗಿತ್ತು, ಹರಾಜೂ ಆಗಿತ್ತು. ಹಳೆಯದೊಂದನ್ನು ಕೊಡುತ್ತಿದ್ದಾರೆಂದು ಸಭಾಪಾಲಕರು ತಿಳಿದಿದ್ದರು. ಕೊಂಡವರು ಹತ್ತಿರದ ಉಡುಪಿ ಹೋಟೆಲಿನ ಮಹಾಬಲ ಶೆಟ್ಟರು. ಅವರು ನಮ್ಮ ಸಭೆಯವರಲ್ಲ. ಸೋಮವಾರ ತಪ್ಪದೆ ಶಿವನ ಗುಡಿಗೆ ಹೋಗುವವರು. ಆದರೂ ನಮ್ಮ ಹರಾಜಿಗೆ ಬಂದು ನಮಗಿಂತ ಧಾರಾಳವಾಗಿ ಕೂಗುತ್ತಿದ್ದರು.

“ಮಾಸ್ತರ, ಆ ಫೋನ್ ನಿಮ್ಮದಲ್ರೀ, ಸರಕಾರದ್ದು,” ಎಂದೆ. “ಬ್ಯಾರೆ ಕಡೆ ಒಯ್ದಾರ ಅಂತ ಗೊತ್ತಾದ್ರ ಕನೆಕ್ಷನ್ನೇ ಕಟ್ ಆಕ್ಕೈತಿ.”

“ಭೂಮಿ, ಆಕಾಶ ಎಲ್ಲಾ ದೇವರದು. ಸರಕಾರ ಅದರಾಗ ಬರೂದಿಲ್ಲೇನು?”

ನಮ್ಮ ಇಲಾಖೆಯ ಕೈಪಿಡಿಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಸ್ಟೋರಿನಿಂದ ಇನ್ನೊಂದು ತಂದು ತಾತ್ಕಾಲಿಕವಾಗಿ ಜೋಡಿಸುತ್ತೇನೆಂದರೆ ಅದಕ್ಕೂ ಅವರು ಒಪ್ಪಲಿಲ್ಲ. “ಒಂದು ಕೊಟ್ಟು ಅಂಥಾದ್ದ ಇನ್ನೊಂದು ತಂದಿಟ್ಕೊಂಡ್ರ, ಅದು ಕೊಟ್ಟಂಗ ಹ್ಯಾಂಗಾತು?”

“ಕೊಡ್ರಿ, ಬ್ಯಾಡ ಅನ್ನೂದಿಲ್ಲ,” ಎಂದರು ಎಸ್ತೇರಬಾಯಿ. “ನಿಮ್ಮ ಗಡಿಯಾರ ಕೊಡ್ರಿ, ನಿಮ್ಮ ಸೈಕಲ್ ಕೊಡ್ರಿ. ನಾ ಕಾಯಾಕತ್ತಿದ್ದನ್ನ ಯಾಕ ಕೊಟ್ರಿ?”

ಮಾಸ್ತರರು ಗಡಿಯಾರ ಕಟ್ಟಿದ ತಮ್ಮ ಕೈಯನ್ನು ನೋಡಿಕೊಂಡರು. ಆದರೆ ದೇವರಿಗೆ ಕೊಟ್ಟದ್ದನ್ನು ಹಿಂದಕ್ಕೆ ಕೇಳಲು ಅವರು ತಯಾರಿರಲಿಲ್ಲ. ಆಗ ನಾನು ಇಲಾಖೆಯ ಕಾನೂನನ್ನು ಬದಿಗಿಟ್ಟು, ನನಗೆ ಅಧಿಕಾರವಿಲ್ಲದ ಇನ್ನೊಂದು ಇಲಾಖೆಯ ಕಾನೂನಿಗೆ ಕೈಹಾಕಿದೆ.

“ಮಾವಿನ ಗಿಡದ ಪ್ರಥಮ ಫಲ ಯಾವುದ್ರೀ?”

“ಮೊದಲ ಹಣ್ಣು.”

“ಗಿಡಾನ ಕಿತ್ತು ಚರ್ಚಿಗೆ ತರ್ತಾರೇನು?”

“ಇಲ್ಲ.”

“ಹಂಗಾರ ಫೋನ್ ಅಂದ್ರ ಗಿಡ. ಅದರ ಹಣ್ಣು ಮೊದಲನೇ ಕಾಲ್. ನೀವು ಗಿಡಾನ ಕಿತ್ತು ತಂದೀರಿ.”

ಮಾಸ್ತರರು ಸಭಾಪಾಲಕರ ಕಡೆ ನೋಡಿದರು. ಸಭಾಪಾಲಕರು ಕೈಗಡಿಯಾರದ ಕಡೆ ನೋಡಿ, ಇದು ಪೂರ್ತಿ ಧರ್ಮಸಮ್ಮತವೆಂದು ಘೋಷಿಸಿ ಸ್ಟೇಷನ್ನಿಗೆ ಹೊರಟುಹೋದರು.

ನಾವು ಮೂವರೂ ಹೋಟೆಲಿಗೆ ಹೋದೆವು. ಗಲ್ಲಾಪೆಟ್ಟಿಗೆಯ ಪಕ್ಕ ಟೆಲಿಫೋನಿಗೆ ಪಟ್ಟ ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ, ಊದುಬತ್ತಿ ಹಚ್ಚಿದ್ದರು ಶೆಟ್ಟರು.

“ಬನ್ನಿ, ಬನ್ನಿ! ಫೋನು ಉಂಟು, ವೈರು ಎಲ್ಲಿ ಮಾರಾಯ್ರೆ?”

ವೈರು ಬರುವುದಿಲ್ಲವೆಂದೂ, ಲೈನು ಎಂಬುದು ಅರ್ಜಿ ಹಾಕಿದವರ ವಿಳಾಸಕ್ಕೆ ಅಂಟಿಕೊಂಡಿರುವ ವಸ್ತುವೆಂದೂ ವಿವರಿಸಿದೆ. ಹೋಟೆಲಿಗೊಂದು ಫೋನು ಬೇಕೆಂದು ಅವರೂ ವರ್ಷಗಳಿಂದ ಕಾಯುತ್ತಿದ್ದವರು. ಮುಖ ಇಳಿದುಹೋಯಿತು.

“ಅಂದ್ರೆ ನಾನು ತಕೊಂಡದ್ದು ಬರೀ ಡಬ್ಬಿಯಾ?”

“ಡಬ್ಬಿಯೂ ನಿಮ್ಮದಲ್ಲ ಶೆಟ್ಟರೇ. ನಿಮ್ಮ ದುಡ್ಡು ವಾಪಸು ಕೊಡಿಸ್ತೇನೆ.”

“ದೇವರ ಮೇಜಿಗೆ ಹಾಕಿದ್ದನ್ನು ವಾಪಸ್ ತಕೊಳ್ಳುದಾ? ಯಾವ ದೇವರಾದ್ರೂ ಬೈತದೆ.” ಹೀಗೆಂದವರು ಎಸ್ತೇರಬಾಯಿಯ ಮುಖ ನೋಡಿದರು. ಅಷ್ಟು ಹೊತ್ತಿಗೆ ಅವರ ಕಣ್ಣು ತುಂಬಿತ್ತು. ಮಗಳ ಸಂಗತಿಯನ್ನೂ, ಮೊದಲ ಕಾಲೇ ಪ್ರಥಮ ಫಲವೆಂಬ ತೀರ್ಪನ್ನೂ ಕೇಳಿದ ಮೇಲೆ ಶೆಟ್ಟರು ತಾವೇ ಮಾಲೆ ತೆಗೆದು ಟೆಲಿಫೋನನ್ನು ಎತ್ತಿಕೊಂಡರು. “ನಡೀರಿ ಅಕ್ಕ. ಆದ್ರೆ ಮೊದಲ ಕಾಲ್ ಏಲಂನಲ್ಲಿ ನಂಗೆ ಬಂದದ್ದು, ಹಾಂ. ಕುಂದಾಪುರದಲ್ಲಿ ನಮ್ಮ ತಮ್ಮನ ಅಂಗಡಿಯಲ್ಲಿ ಫೋನ್ ಉಂಟು. ಒಂದೇ ನಿಮಿಷ.”

“ಅದು ನಿಮ್ಮದ. ಬ್ಯಾರೆ ಯಾರೂ ಮುಟ್ಟೂದಿಲ್ಲ,” ಎಂದು ಮಾಸ್ತರರು ಗಂಭೀರವಾಗಿ ವಚನ ಕೊಟ್ಟರು.

ಮಾಸ್ತರರ ಮನೆಗೆ ಬಂದೆವು. ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆಗೆ ನಾವು ರೋಸೆಟ್ ಎನ್ನುತ್ತೇವೆ. ಹೊರಗಿನ ತಂತಿಯೂ ಫೋನಿನ ತಂತಿಯೂ ಕೂಡುವುದು ಅದರೊಳಗೆ. ಫೋನು ಬಿಚ್ಚಿಟ್ಟರೂ ಆ ಕಡೆ ನಂಬರು ತಿರುಗಿಸಿದವರಿಗೆ ಗಂಟೆ ಬಾರಿಸುತ್ತಲೇ ಇರುವಂತೆ ಕೇಳಿಸುತ್ತದೆ. ಮನೆಯಲ್ಲಿ ಯಾರೂ ಇಲ್ಲ ಎಂದುಕೊಳ್ಳುತ್ತಾರೆ. ಇದನ್ನು ನಾನು ಎಸ್ತೇರಬಾಯಿಗೆ ಹೇಳಲಿಲ್ಲ. ತಂತಿ ಸಿಕ್ಕಿಸಿ ಎರಡನೇ ಸ್ಕ್ರೂ ಬಿಗಿ ಮಾಡುತ್ತಿದ್ದಂತೆ ಟೆಲಿಫೋನು ಹೊಡೆದುಕೊಳ್ಳತೊಡಗಿತು.

ಎಸ್ತೇರಬಾಯಿ ಕೈಚಾಚಿದರು. ಮಾಸ್ತರರ ಬಾಯಿಂದ, ಅವರಿಗೇ ಬೇಡವಾಗಿದ್ದ ಮಾತು ಹೊರಬಿತ್ತು: “ಅದು... ಶೆಟ್ಟರದು.”

“ಸತ್ಯಸಂಧತನಾನೂ ಒಂದು ರೋಗರೀ!” ಎಂದರು ಎಸ್ತೇರಬಾಯಿ. ಶೆಟ್ಟರು ಗಾಬರಿಯಾಗಿ ರಿಸೀವರ್ ಎತ್ತಿದರು.

“ಮಾವಾರೇನ್ರೀ?” ಆ ಕಡೆಯ ಕೂಗು ಕೋಣೆಗೆಲ್ಲ ಕೇಳಿಸಿತು.

“ಅಲ್ಲ, ನಾನು ಶೆಟ್ಟಿ.”

“ಯಾವ ಶೆಟ್ಟಿ? ಥೂ, ರಾಂಗ್ ನಂಬರ್!”

“ಇಡ್ಬೇಡಿ ಮಾರಾಯ್ರೆ, ಇಡ್ಬೇಡಿ! ಸಾಲೋಮನ್ ಮಾಸ್ತರ ಮನೆಯೇ! ಮಗು ಆಯ್ತಾ? ಅವಳು ಹೇಗಿದ್ದಾಳೆ, ಅದು ಹೇಳಿ ಮೊದ್ಲು!”

ಆಮೇಲೆ ಆ ಕಡೆಯ ದನಿ ತಗ್ಗಿತು, ಶೆಟ್ಟರಿಗಷ್ಟೇ ಕೇಳಿಸಿತು. ನಮ್ಮ ಕಡೆ ತಿರುಗಿದಾಗ ಅವರ ಮುಖವೇ ಹಬ್ಬವಾಗಿತ್ತು. “ಹೆಣ್ಣು ಮಗು. ತಾಯಿ ಚೆಂದ ಇದ್ದಾಳಂತೆ. ಮಧ್ಯಾಹ್ನದಿಂದ ಮಾಡ್ತಾ ಇದ್ದಾರಂತೆ, ಯಾರೂ ಎತ್ತಲಿಲ್ಲವಂತೆ.” ಹೀಗೆ ಹೇಳಿ, ಎರಡೂ ಕೈಯಿಂದ, ಪ್ರಸಾದ ಕೊಡುವವರಂತೆ, ರಿಸೀವರನ್ನು ಎಸ್ತೇರಬಾಯಿಗೆ ಕೊಟ್ಟರು. ಕುಂದಾಪುರದ ತಮ್ಮನ ನೆನಪು ಆ ಸಂಜೆ ಯಾರಿಗೂ ಬರಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಟೆಲಿಫೋನು ನೆರೆಹೊರೆಯವರದಾಯಿತು. ಮೇಲಿನ ಮಹಡಿಯ ಗುಜರಾತಿ ಅಜ್ಜಿ ಮುಂಬೈಯ ಮಗನಿಗೆ, ಕೆಳಗಿನ ವಾಚ್‌ಮನ್ ತನ್ನೂರಿಗೆ, ಸರದಿಯಲ್ಲಿ ಮಾತಾಡಿದರು. ಈ ಏರ್ಪಾಟನ್ನು ಮಾಸ್ತರರು ಮಾಡಿದ್ದು ಹೆಂಡತಿಯನ್ನು ಕೇಳಿದ ಮೇಲೆ. ಎಸ್ತೇರಬಾಯಿ ಸರದಿಯವರಿಗೆಲ್ಲ ಚಹಾ ಮಾಡಿ ಕೊಡುತ್ತಿದ್ದರು.

ನನ್ನ ಉಳಿದ ಸರ್ವಿಸಿನಲ್ಲಿ, ಅಹಮದಾಬಾದಿಗೆ ವರ್ಗವಾದ ಮೇಲೂ, ತಮ್ಮ ಫೋನನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತೇನೆಂದು ನನ್ನ ಮೇಜಿನ ಮುಂದೆ ಬಂದವರು ಹಲವರು. ಧಾರಾಳಿಗಳಿಗೆ ನಮ್ಮ ದೇಶದಲ್ಲಿ ಕೊರತೆಯಿಲ್ಲ. ತನ್ನ ಪಾಲು ಯಾವುದು, ಮನೆಯವರ ಪಾಲು ಯಾವುದು ಎಂದು ನೋಡಿ ಕೊಡುವವರು ಮಾತ್ರ ಕಡಿಮೆ. ಹಾಗಾಗಿ ಬಂದವರನ್ನೆಲ್ಲ ಮೊದಲು ಕೂರಿಸಿ, ನೀರು ಕೊಟ್ಟು, “ಮನೆಯಲ್ಲಿ ಕೇಳಿದ್ದೀರಾ?” ಎನ್ನುತ್ತಿದ್ದೆ. ಕೇಳಿ ಬರುತ್ತೇನೆಂದು ಹೋದ ಕೆಲವರು ತಿರುಗಿ ಬರಲಿಲ್ಲ. ತಿರುಗಿ ಬಂದವರು ಮನೆಯವರನ್ನೂ ಕರೆದುಕೊಂಡು ಇಬ್ಬಿಬ್ಬರಾಗಿ ಬಂದರು. ಅವರು ಕೊಟ್ಟದ್ದನ್ನು ವಾಪಸು ತರಲು ನಾನು ಯಾವ ಹೋಟೆಲಿಗೂ ಹೋಗಬೇಕಾಗಲಿಲ್ಲ.